ಕರಗಿದ ಪ್ಲಗ್, ಜಿಗಿಯುವ ಪರ್ಸೆಂಟು, ಎದ್ದೇಳದ ಕಾರು: ಎಲೆಕ್ಟ್ರಿಕ್ ಗಾಡಿಗಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ವಾಹನಗಳ ಬಗ್ಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬ್ಯಾಟರಿಯ ಮೇಲಿನ ದೂರುಗಳೇ. ಆದರೆ ಒಂದೊಂದನ್ನೂ ಬಿಡಿಸಿ ನೋಡಿದರೆ ತಪ್ಪಿತಸ್ಥ ಹೆಚ್ಚಿನ ಸಲ ಸೆಲ್ ಅಲ್ಲ. ಸಡಿಲವಾದ ಒಂದು ಸ್ಪ್ರಿಂಗ್, ಹೊರಹೋಗಲು ದಾರಿಯಿಲ್ಲದ ಬಿಸಿ, ಕನೆಕ್ಟರ್‌ಗೆ ನುಗ್ಗಿದ ತೇವ, ಯಾರೂ ಗಮನಿಸದ 12 ವೋಲ್ಟಿನ ಪುಟ್ಟ ಬ್ಯಾಟರಿ, ಹೀಗೆ ಸುತ್ತಮುತ್ತಲಿನ ಭಾಗಗಳೇ ಕೈಕೊಟ್ಟಿರುತ್ತವೆ. ಹಾಗಾಗಿ ಈ ಸಂಚಿಕೆಗೆ ಅಂಥ ಪತ್ರಗಳನ್ನೇ ಹೆಚ್ಚಾಗಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಕಾರಿನ ಜೊತೆ ಬಂದ ಚಾರ್ಜರನ್ನು ಮನೆಯ 15 ಆಂಪಿಯರ್ ಸಾಕೆಟ್‌ಗೆ ಹಾಕುತ್ತೇವೆ. ಎರಡೇ ತಿಂಗಳಿಗೆ ಪ್ಲಗ್‌ನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದೆ. ಇದೇ ಸಾಕೆಟ್‌ನಲ್ಲಿ ಹತ್ತು ವರ್ಷ ಗೀಸರ್ ನಡೆದಿದೆ, ಏನೂ ಆಗಿರಲಿಲ್ಲ. ಚಾರ್ಜರ್‌ನಲ್ಲೇ ದೋಷವಿದೆಯೇ? (ದಾವಣಗೆರೆ)

ಉತ್ತರ: ಒಂದೇ ಪಿನ್ ಸುಟ್ಟಿದೆ ಎಂದು ನೀವು ಬರೆದಿರುವುದರಿಂದ ಚಾರ್ಜರ್ ಮೇಲೆ ಸಂಶಯ ಬೇಡ. ಆ ಪಿನ್ನನ್ನು ಹಿಡಿಯುವ ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿದೆ, ಇಲ್ಲವೇ ಅದರ ಹಿಂದೆ ವೈರ್ ಹಿಡಿದಿರುವ ಸ್ಕ್ರೂ ಬಿಗಿಯಾಗಿಲ್ಲ.

ಲೆಕ್ಕ ನೋಡಿ. 15 ಆಂಪಿಯರ್ ಹರಿಯುವ ಜಾಗದಲ್ಲಿ ಕೇವಲ 0.1 ಓಮ್ ತಡೆ ಇದ್ದರೂ ಹುಟ್ಟುವ ಬಿಸಿ 15×15×0.1, ಅಂದರೆ 22.5 ವ್ಯಾಟ್. ರೇಡಿಯೋ ರಿಪೇರಿಯವರ 25 ವ್ಯಾಟಿನ ಸೋಲ್ಡರಿಂಗ್ ಐರನ್ ಒಂದನ್ನು ಸಾಕೆಟ್‌ನೊಳಗೆ ತುರುಕಿ ರಾತ್ರಿಯಿಡೀ ಬಿಟ್ಟಂತೆ. 2 ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಮಾತ್ರ ಎಳೆಯುತ್ತದೆ. ಬಿಸಿ ಆಂಪಿಯರಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ಅದೇ ಸಡಿಲ ಜಾಗದಲ್ಲಿ ಗೀಸರ್ ಹುಟ್ಟಿಸುತ್ತಿದ್ದ ಬಿಸಿ ಕಾರಿನದರ ಮೂರನೇ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಅದೂ ಇಪ್ಪತ್ತು ನಿಮಿಷ. ಕಾರು ಎಂಟು ಒಂಬತ್ತು ಗಂಟೆ ಬಿಡುವಿಲ್ಲದೆ ಎಳೆಯುತ್ತದೆ. ಬಿಸಿಗೆ ಹಿತ್ತಾಳೆಯ ಬಿಗುವು ಹೋಗುತ್ತದೆ, ಮೇಲ್ಮೈ ಕಪ್ಪಾಗುತ್ತದೆ, ತಡೆ ಇನ್ನೂ ಏರುತ್ತದೆ, ಬಿಸಿಯೂ ಏರುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಹಾಗೆ ಕಾದ ಬೇಕಲೈಟಿನಿಂದ ಮೀನಿನಂಥ ವಾಸನೆ ಬರುತ್ತದೆ. ಅಡುಗೆಮನೆಯಲ್ಲಿ ಮೀನಿಲ್ಲದೆ ಆ ವಾಸನೆ ಬಂದರೆ ಮೊದಲು ಮೇನ್ ಆಫ್ ಮಾಡಿ.

ಈಗ ಮಾಡಬೇಕಾದದ್ದು: ಸುಟ್ಟ ಸಾಕೆಟ್ ಜೊತೆಗೆ ಸುಟ್ಟ ಪ್ಲಗ್ಗನ್ನೂ ಬದಲಾಯಿಸಬೇಕು. ಕಪ್ಪಾದ ಪಿನ್ ಹೊಸ ಸಾಕೆಟ್ಟನ್ನೂ ಸುಡುತ್ತದೆ, ಮರಳುಕಾಗದದಲ್ಲಿ ಉಜ್ಜಿ ಬಳಸಬೇಡಿ. ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಕಾರಿಗೆಂದೇ ಬೇರೆ ಲೈನ್ ಎಳೆಸಿ: 4 ಚದರ ಮಿಲಿಮೀಟರ್ ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರಿನ ‘ಎ’ ಮಾದರಿಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ನಡುವೆ ಜಾಯಿಂಟ್ ಇರಬಾರದು, ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ. ಸಾಧ್ಯವಿದ್ದರೆ ಸಾಕೆಟ್ಟೇ ಇಲ್ಲದ, ಗೋಡೆಗೆ ನೇರ ಜೋಡಿಸುವ ವಾಲ್ ಬಾಕ್ಸ್ ಹಾಕಿಸಿ. ಅಲ್ಲಿಯವರೆಗೆ ಕಾರಿನ ಸೆಟ್ಟಿಂಗ್‌ನಲ್ಲಿ ಚಾರ್ಜಿಂಗ್ ಆಂಪಿಯರನ್ನು 10ಕ್ಕೆ ಇಳಿಸಲು ಬರುತ್ತದೆಯೇ ನೋಡಿ. ಬಿಸಿ ಅರ್ಧಕ್ಕಿಂತ ಕೆಳಗೆ, ಸುಮಾರು 44 ಪ್ರತಿಶತಕ್ಕೆ ಬರುತ್ತದೆ. ಮನೆಯ ಮಂಜೂರಾದ ಲೋಡ್ 2–3 ಕಿಲೋವ್ಯಾಟ್ ಇದ್ದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಒಂದು ಚಾರ್ಜರೇ 3 ಕಿಲೋವ್ಯಾಟ್ ದಾಟುತ್ತದೆ.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳಲೇಬೇಕು. ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಆಗ ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿ ‘ಸರಿಯಾಯ್ತು’ ಎನ್ನುತ್ತಾರೆ. ಚಾರ್ಜ್ ಆಗುತ್ತದೆ, ನಿಜ. ಆದರೆ ಎಂದಾದರೂ ಹಿಂದೆ ಎಲ್ಲೋ ನ್ಯೂಟ್ರಲ್ ಕಡಿದರೆ ಆ ತುಂಡು ವೈರಿನ ಮೂಲಕ ಕಾರಿನ ಬಾಡಿಗೇ 230 ವೋಲ್ಟ್ ಬಂದು ಕೂರುತ್ತದೆ. ದಯವಿಟ್ಟು ಹೊಸ ಅರ್ತ್ ಪಿಟ್ ತೋಡಿಸಿ, ಈ ಅಡ್ಡದಾರಿಗೆ ಒಪ್ಪಬೇಡಿ.

ಪ್ರಶ್ನೆ: ಆಗುಂಬೆಯ ಹೋಂಸ್ಟೇಯಲ್ಲಿ ರಾತ್ರಿ ಚಾರ್ಜ್‌ಗೆ ಹಾಕಿ ಬೆಳಗ್ಗೆ 100 ಪರ್ಸೆಂಟ್‌ನಲ್ಲಿ ಸೋಮೇಶ್ವರದ ಕಡೆ ಘಾಟಿ ಇಳಿದೆವು. ಆಕ್ಸಿಲರೇಟರ್ ಬಿಟ್ಟರೆ ಎಂದಿನಂತೆ ಕಾರು ತಡೆದುಕೊಳ್ಳಲಿಲ್ಲ, ಜಾರಿಕೊಂಡೇ ಹೋಯಿತು. ಬಹಳ ಹೆದರಿದೆವು. ಬ್ರೇಕ್ ಕೆಟ್ಟಿದೆಯೇ? (ಶಿವಮೊಗ್ಗ)

ಉತ್ತರ: ಬ್ರೇಕ್ ಕೆಟ್ಟಿಲ್ಲ. ತುಂಬಿದ ಕೊಡಕ್ಕೆ ಇನ್ನೆಲ್ಲಿ ನೀರು ಹಾಕುವುದು? ಆಕ್ಸಿಲರೇಟರ್ ಬಿಟ್ಟಾಗ ಕಾರನ್ನು ಹಿಡಿದೆಳೆಯುವುದು ಮೋಟಾರ್. ಅದು ಜನರೇಟರ್ ಆಗಿ ತಿರುಗಿ ಕರೆಂಟನ್ನು ಬ್ಯಾಟರಿಗೆ ಕಳಿಸುತ್ತದೆ. ಇದಕ್ಕೆ ರೀಜೆನ್ ಎನ್ನುತ್ತಾರೆ. ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್) ಮಾದರಿಯ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಅದರ ಮೇಲೆ ಇನ್ನೂ ಕರೆಂಟ್ ನುಗ್ಗಿಸಿದರೆ ಲಿಥಿಯಂ, ಸೆಲ್ಲಿನ ಒಂದು ಧ್ರುವವಾದ ಗ್ರಾಫೈಟ್‌ನೊಳಗೆ ಸೇರಲು ಜಾಗವಿಲ್ಲದೆ ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತದೆ. ಅದು ಸೆಲ್ಲಿನ ಆಯುಸ್ಸು ತಿನ್ನುತ್ತದೆ, ಮುಂದೆ ಶಾರ್ಟ್ ಆಗಲೂ ದಾರಿ ಮಾಡುತ್ತದೆ. ಅದಕ್ಕೇ ಬ್ಯಾಟರಿಯ ಕಾವಲುಗಾರನಾದ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಬೋರ್ಡು, ತುಂಬಿದ ಬ್ಯಾಟರಿಗೆ ರೀಜೆನ್ ಬಾಗಿಲು ಮುಚ್ಚುತ್ತದೆ. ಆಗ ಇಡೀ ಕೆಲಸ ಬ್ರೇಕ್ ಪ್ಯಾಡ್‌ಗಳ ಪಾಲಿಗೆ.

ಹಾಗಾದರೆ ಎಷ್ಟು ಜಾಗ ಬಿಡಬೇಕು? ಜನ ಸಮೇತ 1,500 ಕಿಲೋ ತೂಕದ ಕಾರು 500 ಮೀಟರ್ ಇಳಿದರೆ ಸಿಗುವ ಶಕ್ತಿ 1,500×9.8×500 ಜೂಲ್, ಅಂದರೆ ಸುಮಾರು 2 ಯೂನಿಟ್. ಹತ್ತು ಕಿಲೋಮೀಟರ್ ಇಳಿಜಾರೆಂದುಕೊಂಡರೆ ಟೈರಿನ ಉರುಳು ಎಳೆತಕ್ಕೇ ಅರ್ಧ ಯೂನಿಟ್ ಹೋಗುತ್ತದೆ. ಮೋಟಾರ್, ಅದನ್ನು ನಡೆಸುವ ಇನ್ವರ್ಟರ್, ಬ್ಯಾಟರಿಗಳ ನಷ್ಟ ಕಳೆದು ಕೊನೆಗೆ ಕೈಗೆ ಬರುವುದು 1.2 ಯೂನಿಟ್. 30 ಯೂನಿಟ್ ಬ್ಯಾಟರಿಗೆ ಇದು 4 ಪರ್ಸೆಂಟ್. ಆದರೆ 96ರಲ್ಲಿ ಹೊರಟರೆ ಸಾಲದು, ಏಕೆಂದರೆ 90ರ ಮೇಲೆಯೇ ಬಿಎಂಎಸ್ ರೀಜೆನ್ ಪ್ರಮಾಣವನ್ನು ಇಳಿಸುತ್ತಾ ಬರುತ್ತದೆ. ಘಾಟಿಯ ತಲೆಯಲ್ಲಿ ತಂಗಿದರೆ 80–85ಕ್ಕೆ ಚಾರ್ಜ್ ನಿಲ್ಲಿಸಿ. ತುಂಬಿದ ಬ್ಯಾಟರಿಯಲ್ಲಿ ಇಳಿಯಲೇಬೇಕಾದರೆ 30ರ ವೇಗ ಮೀರದಂತೆ, ಪೆಡಲನ್ನು ಒಂದೇ ಸಮ ಒತ್ತಿ ಹಿಡಿಯದೆ, ಗಟ್ಟಿಯಾಗಿ ಒತ್ತಿ ಬಿಟ್ಟು ಒತ್ತಿ ಇಳಿಯಿರಿ, ಪ್ಯಾಡ್‌ಗಳಿಗೆ ಆರಲು ಸಮಯ ಸಿಗುತ್ತದೆ. ನ್ಯೂಟ್ರಲ್‌ಗೆ ಹಾಕುವ ಹಳೇ ಅಭ್ಯಾಸ ಇಲ್ಲಿ ಬೇಡ. ಇದ್ದಬದ್ದ ರೀಜೆನ್ನೂ ಹೋಗುತ್ತದೆ.

ಹತ್ತುವಾಗಿನ ಕಥೆ ಬೇರೆ. ಇಬ್ಬರು ಕೂತ ಸ್ಕೂಟರ್ ಒಟ್ಟು 250 ಕಿಲೋ ಇದ್ದು, ನೂರು ಅಡಿಗೆ ಎಂಟು ಅಡಿ ಏರುವ ರಸ್ತೆಯಲ್ಲಿ 30ರ ವೇಗದಲ್ಲಿ ಹತ್ತಿದರೆ ಚಕ್ರದಲ್ಲಿ ಸುಮಾರು 2 ಕಿಲೋವ್ಯಾಟ್ ಸಾಕು. 50ರಲ್ಲಿ ಹತ್ತಿದರೆ 4ರ ಹತ್ತಿರ ಬೇಕು. ನಿರಂತರವಾಗಿ 3 ಕಿಲೋವ್ಯಾಟ್ ಕೊಡಬಲ್ಲ ಮೋಟಾರ್ ಆದರೆ ಮೊದಲನೆಯದನ್ನು ಎಷ್ಟು ಹೊತ್ತಾದರೂ ಮಾಡುತ್ತದೆ, ಎರಡನೆಯದರಲ್ಲಿ ಕೆಲವೇ ನಿಮಿಷಕ್ಕೆ ಕಾದು, ತನ್ನನ್ನು ಉಳಿಸಿಕೊಳ್ಳಲು ಶಕ್ತಿ ಇಳಿಸುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿರುವುದು ಗರಿಷ್ಠ ಕಿಲೋವ್ಯಾಟ್. ಘಾಟಿಗೆ ಬೇಕಾದದ್ದು ನಿರಂತರದ ಅಂಕಿ.

ಪ್ರಶ್ನೆ: ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಗಾಡಿ. 28 ಪರ್ಸೆಂಟ್ ತೋರಿಸುತ್ತಿದ್ದದ್ದು ಸಿಗ್ನಲ್‌ನಲ್ಲಿ ನಿಂತು ಹೊರಟಾಗ ಒಮ್ಮೆಲೇ 9ಕ್ಕೆ ಬಿತ್ತು. ನಾನು ಯಾವತ್ತೂ 80ಕ್ಕಿಂತ ಹೆಚ್ಚು ಚಾರ್ಜ್ ಮಾಡಿಲ್ಲ, ಅಷ್ಟು ಜೋಪಾನ ಮಾಡಿಯೂ ಹೀಗೇಕೆ? (ಹುಬ್ಬಳ್ಳಿ)

ಉತ್ತರ: ಆ ಜೋಪಾನವೇ ಇಲ್ಲಿ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಬ್ಯಾಟರಿಗೆ ಪೆಟ್ರೋಲ್ ಟ್ಯಾಂಕಿನಂತೆ ತೇಲುವ ಬುರುಡೆ ಇಲ್ಲ. ಉಳಿದಿರುವುದೆಷ್ಟು ಎಂಬುದನ್ನು ಬಿಎಂಎಸ್ ಎರಡು ದಾರಿಯಲ್ಲಿ ಅಂದಾಜಿಸುತ್ತದೆ: ಒಳಬಂದ, ಹೊರಹೋದ ಆಂಪಿಯರುಗಳ ಲೆಕ್ಕವಿಡುವುದು, ಮತ್ತು ಸೆಲ್ಲಿನ ವೋಲ್ಟೇಜ್ ನೋಡುವುದು. ಎನ್‌ಎಂಸಿ ಸೆಲ್ಲಿನಲ್ಲಿ ಚಾರ್ಜ್ ಇಳಿದಂತೆ ವೋಲ್ಟೇಜ್ ಕೂಡ ಮೆಟ್ಟಿಲಿಳಿದಂತೆ ಇಳಿಯುವುದರಿಂದ ತಾಳೆ ನೋಡುವುದು ಸುಲಭ. ಎಲ್‌ಎಫ್‌ಪಿ ಸೆಲ್ ಹಾಗಲ್ಲ. 80ರಿಂದ 30 ಪರ್ಸೆಂಟಿಗೆ ಇಳಿದರೂ ಅದರ ವೋಲ್ಟೇಜ್ ಬದಲಾಗುವುದು 0.05 ವೋಲ್ಟಿನ ಆಸುಪಾಸು ಮಾತ್ರ, ಬಯಲುಸೀಮೆಯ ರಸ್ತೆಯಷ್ಟು ಸಮತಟ್ಟು. ಹಾಗಾಗಿ ಆಂಪಿಯರ್ ಲೆಕ್ಕವನ್ನೇ ನಂಬಬೇಕು. ಸೆನ್ಸರ್‌ನಲ್ಲಿ ಕೇವಲ 0.1 ಆಂಪಿಯರ್ ತಪ್ಪಿದ್ದರೂ 24 ಗಂಟೆಯ ಬಳಕೆಗೆ 2.4 ಆಂಪಿಯರ್-ಅವರ್ ವ್ಯತ್ಯಾಸ ಸೇರುತ್ತದೆ. 60 ಆಂಪಿಯರ್-ಅವರ್ ಪ್ಯಾಕ್‌ನಲ್ಲಿ ಅದು 4 ಪರ್ಸೆಂಟ್. ವಾರಗಟ್ಟಲೆ ಹೀಗೆ ಕೂಡಿಕೊಂಡು, ಕೊನೆಗೆ ಕೆಳತುದಿಯ ಇಳಿಜಾರಿನಲ್ಲಿ ವೋಲ್ಟೇಜ್ ಕುಸಿದಾಗ ಬಿಎಂಎಸ್‌ಗೆ ನಿಜ ಗೊತ್ತಾಗಿ ಅಂಕಿಯನ್ನು ಒಂದೇ ಸಲಕ್ಕೆ ತಿದ್ದುತ್ತದೆ. ನೀವು ನೋಡಿದ ಜಿಗಿತ ಅದು.

ತಿದ್ದಲು ಅದಕ್ಕೊಂದು ಗುರುತುಕಲ್ಲು ಬೇಕು, ಅದು ಸಿಗುವುದು 100ರಲ್ಲಿ. ವಾರಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿ, 100 ಬಂದ ಮೇಲೂ ಪ್ಲಗ್ ತೆಗೆಯದೆ ಎರಡು ಮೂರು ಗಂಟೆ ಬಿಡಿ. ಸೆಲ್ ಗುಂಪುಗಳನ್ನು ಸಮ ಮಾಡುವ ಕೆಲಸವೂ ಆಗಲೇ ನಡೆಯುವುದು. ಆ ಕರೆಂಟ್ ಬಹಳ ಸಣ್ಣದು, ಸಾಮಾನ್ಯವಾಗಿ 50–100 ಮಿಲಿಆಂಪಿಯರ್. ಒಂದು ಗುಂಪು ಉಳಿದವಕ್ಕಿಂತ 2 ಆಂಪಿಯರ್-ಅವರ್ ಹಿಂದೆ ಬಿದ್ದಿದ್ದರೆ ಸರಿಹೋಗಲು 20 ಗಂಟೆಗೂ ಮೇಲೆ ಬೇಕು. ಒಂದು ರಾತ್ರಿಗೆ ಆಗುವುದಲ್ಲ, ಏಳೆಂಟು ಪೂರ್ತಿ ಚಾರ್ಜ್ ಕಾಯಿರಿ. ‘80ಕ್ಕೆ ನಿಲ್ಲಿಸಿ’ ಎಂಬ ಬುದ್ಧಿಮಾತು ಎನ್‌ಎಂಸಿ ಗಾಡಿಗಳಿಗೆ ಸರಿ. ಎಲ್‌ಎಫ್‌ಪಿಗೆ ಅದನ್ನು ಹಾಗೇ ಹೇರಬಾರದು.

ಪ್ರಶ್ನೆ: ಸ್ಕೂಟರಿನ ಪ್ಯಾಕ್‌ನಲ್ಲಿ 14ರಲ್ಲಿ ಒಂದು ಸೆಲ್ ಗುಂಪು ಮಾತ್ರ ಹಾಳಾಗಿದೆ, ಅದೊಂದನ್ನೇ ಬದಲಾಯಿಸಿಕೊಡುತ್ತೇನೆ ಎನ್ನುತ್ತಾರೆ ಸ್ಥಳೀಯ ಮೆಕ್ಯಾನಿಕ್. ಮಾಡಿಸಬಹುದೇ? (ತುಮಕೂರು)

ಉತ್ತರ: ವಾರಂಟಿ ಉಳಿದಿದ್ದರೆ ಬೇಡ. ಮುಗಿದಿದ್ದರೆ ಮೊದಲು ಮೂರು ವಿಷಯ ಕೇಳಿ. ಒಂದು, ಹೊಸ ಸೆಲ್ ಹಳೆಯವಕ್ಕೆ ಹೊಂದುತ್ತದೆಯೇ? ಮೂರು ವರ್ಷ ಓಡಿದ ಪ್ಯಾಕ್‌ನ ಗುಂಪುಗಳು ತಮ್ಮ ಸಾಮರ್ಥ್ಯದ ಒಂದಷ್ಟು ಪಾಲು ಕಳೆದುಕೊಂಡಿರುತ್ತವೆ. ನಡುವೆ ಹೊಚ್ಚ ಹೊಸದನ್ನು ಕೂರಿಸಿದರೆ ಗುಂಪುಗಳ ಏರುಪೇರು ನಿಲ್ಲುವುದಿಲ್ಲ. ಮುಂದಿನ ದುರ್ಬಲ ಗುಂಪು ಯಾವುದೆಂದು ತಿಳಿಯಲು 14 ಗುಂಪುಗಳ ಸಾಮರ್ಥ್ಯವನ್ನೂ ಅಳೆಯಬೇಕು. ಎರಡು, ಸೆಲ್‌ಗೆ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡುತ್ತಾರೋ, ಬೆಸುಗೆ ಹಾಕುತ್ತಾರೋ? 350 ಡಿಗ್ರಿಯ ಬೆಸುಗೆ ಕಡ್ಡಿಯನ್ನು ಸೆಲ್ಲಿನ ತಳಕ್ಕೆ ಹಿಡಿದರೆ ಎರಡು ಧ್ರುವಗಳನ್ನು ಬೇರೆ ಇಡುವ ಒಳಗಿನ ಪದರ ಉಳಿಯುವ ಭರವಸೆ ಇಲ್ಲ, ಅದರ ಪಾಲಿಥೀನ್ ಸುಮಾರು 130 ಡಿಗ್ರಿಗೇ ಕರಗುತ್ತದೆ. ಮೂರು, ಆ ಗುಂಪು ಹಾಳಾದದ್ದೇಕೆ? ಪಟ್ಟಿಯ ವೆಲ್ಡ್ ಬಿಟ್ಟಿದ್ದರೆ, ಇಲ್ಲವೇ ಬಿಎಂಎಸ್‌ನ ಬ್ಯಾಲೆನ್ಸ್ ಸ್ವಿಚ್ ಒಂದು ಕೆಟ್ಟು ಸದಾ ಆ ಗುಂಪನ್ನೇ ಬರಿದು ಮಾಡುತ್ತಿದ್ದರೆ, ಹೊಸ ಸೆಲ್ಲಿಗೂ ಅದೇ ಗತಿ. ಮೂರಕ್ಕೂ ಸಮಾಧಾನದ ಉತ್ತರ ಸಿಗದಿದ್ದರೆ ಇಡೀ ಪ್ಯಾಕ್ ಬದಲಾಯಿಸುವುದೇ ಕ್ಷೇಮ. ನೀವು ಅದರ ಮೇಲೇ ಕೂತು ಓಡಾಡುವವರು.

ಪ್ರಶ್ನೆ: ಮೂರು ವಾರ ಊರಿಗೆ ಹೋಗಿದ್ದೆವು. ಹೊರಡುವಾಗ ಕಾರಿನಲ್ಲಿ 70 ಪರ್ಸೆಂಟ್ ಇತ್ತು. ಬಂದು ನೋಡಿದರೆ ಬಾಗಿಲೂ ತೆರೆಯುತ್ತಿಲ್ಲ, ಚಾರ್ಜ್‌ಗೆ ಹಾಕಿದರೂ ಪ್ರತಿಕ್ರಿಯೆ ಇಲ್ಲ. ದೊಡ್ಡ ಬ್ಯಾಟರಿ ಹೋಯಿತೇ? (ಮೈಸೂರು)

ಉತ್ತರ: ದೊಡ್ಡದಲ್ಲ, ಚಿಕ್ಕದು. ಎಲೆಕ್ಟ್ರಿಕ್ ಕಾರುಗಳಲ್ಲಿ ಹಾರ್ನು, ದೀಪ, ಲಾಕು, ಕಂಪ್ಯೂಟರುಗಳನ್ನು ನಡೆಸಲು ಸಾಮಾನ್ಯವಾಗಿ ಒಂದು 12 ವೋಲ್ಟ್ ಬ್ಯಾಟರಿ ಇರುತ್ತದೆ. ನಿಲ್ಲಿಸಿದ ಕಾರಿನಲ್ಲಿ ದೊಡ್ಡ ಬ್ಯಾಟರಿಯ ಸಂಪರ್ಕವನ್ನು ಸುರಕ್ಷತೆಗಾಗಿ ಕಡಿದಿಡಲಾಗುತ್ತದೆ. ಅದನ್ನು ಮತ್ತೆ ಸೇರಿಸುವ ಕಾಂಟ್ಯಾಕ್ಟರ್‌ಗಳೆಂಬ ದಪ್ಪ ರಿಲೇಗಳಿಗೆ ಶಕ್ತಿ ಬರಬೇಕಾದದ್ದು ಈ 12 ವೋಲ್ಟಿನಿಂದ. ಫೋನ್ ಆ್ಯಪ್‌ಗೆ ಸದಾ ಉತ್ತರಿಸುವ ಸಿಮ್, ಆಮೇಲೆ ಹಾಕಿಸಿದ ಡ್ಯಾಶ್ ಕ್ಯಾಮೆರಾ ಇವೆಲ್ಲ ಮೂರು ವಾರ ಹೀರಿದರೆ ಚಿಕ್ಕದು ಬರಿದಾಗುತ್ತದೆ. ಚಾರ್ಜರ್ ಜೊತೆ ಮಾತಾಡುವ ಕಂಪ್ಯೂಟರೂ ಅದರಿಂದಲೇ ಏಳಬೇಕಾದ್ದರಿಂದ ಗನ್ ಚುಚ್ಚಿದರೂ ಸದ್ದಿಲ್ಲ.

ಕೀಲಿಯೊಳಗೆ ಅಡಗಿರುವ ಲೋಹದ ಕೀಲಿ ತೆಗೆದು ಬಾಗಿಲು ತೆರೆಯಿರಿ. ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಿ ಇನ್ನೊಂದು 12 ವೋಲ್ಟ್ ಬ್ಯಾಟರಿಯಿಂದ ಕೇಬಲ್ ಕೊಡಿ: ಪ್ಲಸ್‌ಗೆ ಪ್ಲಸ್ ಮೊದಲು, ಮೈನಸ್ ಆಮೇಲೆ ಬಾಡಿಯ ಬರಿಯ ಲೋಹಕ್ಕೆ. ಗುಂಡಿ ಒತ್ತಿ ಕಿವಿಗೊಟ್ಟರೆ ಸೀಟಿನಡಿಯಿಂದ ‘ಟಕ್’, ಕ್ಷಣ ಬಿಟ್ಟು ಇನ್ನೊಂದು ‘ಟಕ್’ ಕೇಳುತ್ತದೆ. ಮೊದಲ ಸದ್ದಿನಲ್ಲಿ ಇನ್ವರ್ಟರಿನ ಬರಿದಾದ ಕೆಪಾಸಿಟರ್‌ಗೆ ಒಂದು ರೆಸಿಸ್ಟರ್ ಮೂಲಕ ನಿಧಾನ ಕರೆಂಟ್ ತುಂಬುತ್ತದೆ. ಉದಾಹರಣೆಗೆ 350 ವೋಲ್ಟ್, 50 ಓಮ್ ಇದ್ದರೆ ಆರಂಭದಲ್ಲಿ 7 ಆಂಪಿಯರ್ ಮಾತ್ರ. ಆ ಮೆಟ್ಟಿಲಿಲ್ಲದೆ ನೇರ ಸೇರಿಸಿದರೆ ಸಾವಿರಾರು ಆಂಪಿಯರ್ ಚಿಮ್ಮಿ ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡುಬಿಡುತ್ತವೆ. ಎರಡನೇ ಸದ್ದಿನ ನಂತರ ‘ರೆಡಿ’ ಬರುತ್ತದೆ, ದೊಡ್ಡ ಬ್ಯಾಟರಿ ಚಿಕ್ಕದನ್ನು ತುಂಬಿಸಲು ಶುರುಮಾಡುತ್ತದೆ. ಎರಡು ಗಂಟೆ ಹಾಗೇ ಬಿಡಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಈ ಬ್ಯಾಟರಿ ಬದಲಾಯಿಸಿ. ಪಕ್ಕದ ಮನೆಯ ಪೆಟ್ರೋಲ್ ಕಾರನ್ನು ಎಬ್ಬಿಸಲು ಮಾತ್ರ ನಿಮ್ಮ ಕಾರಿನಿಂದ ಕೇಬಲ್ ಕೊಡಬೇಡಿ. ಸ್ಟಾರ್ಟರ್ ಮೋಟಾರ್ ಎಳೆಯುವ ನೂರಾರು ಆಂಪಿಯರಿಗೆ, ದೊಡ್ಡ ಬ್ಯಾಟರಿಯ ವೋಲ್ಟೇಜನ್ನು 12ಕ್ಕೆ ಇಳಿಸುವ ನಿಮ್ಮ ಕಾರಿನ ಪರಿವರ್ತಕವನ್ನು ಮಾಡಿಲ್ಲ.

ಪ್ರಶ್ನೆ: ಹೈಬ್ರಿಡ್ ಕಾರಿನ ಮೈಲೇಜ್ ಪೇಟೆಯಲ್ಲಿ ಚೆನ್ನಾಗಿದ್ದು, ಹೆದ್ದಾರಿಯಲ್ಲಿ ಕಡಿಮೆಯಾಗುವುದೇಕೆ? ಗೇರ್ ಇಲ್ಲ, ಕ್ಲಚ್ ಇಲ್ಲ ಎನ್ನುತ್ತಾರೆ. ಹಾಗಾದರೆ ಎಂಜಿನ್ ಚಕ್ರಕ್ಕೆ ಸೇರುವುದು ಹೇಗೆ? (ಬೆಂಗಳೂರು)

ಉತ್ತರ: ಬಿಡದಿಯಲ್ಲಿ ತಯಾರಾಗುವ ಟೊಯೋಟಾದ ಇನ್ನೋವಾ ಹೈಕ್ರಾಸ್, ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿರುವುದು, 1997ರಲ್ಲಿ ಜಪಾನಿನಲ್ಲಿ ಬಂದ ಪ್ರಿಯಸ್ ಕಾರಿನ ಮೂಲ ವಿಚಾರವೇ: ಒಂದು ಗ್ರಹಗೇರ್. ನಡುವೆ ಸೂರ್ಯನಂತೆ ಒಂದು ಚಿಕ್ಕ ಗೇರ್, ಹೊರಗೆ ಒಳಹಲ್ಲಿನ ಉಂಗುರ, ಎರಡರ ನಡುವೆ ಸುತ್ತುವ ಗ್ರಹಗಳು. ಗ್ರಹಗಳನ್ನು ಹಿಡಿದ ಚೌಕಟ್ಟಿಗೆ ಎಂಜಿನ್, ಸೂರ್ಯನಿಗೆ ಒಂದು ಜನರೇಟರ್, ಉಂಗುರಕ್ಕೆ ದೊಡ್ಡ ಮೋಟಾರ್ ಮತ್ತು ಚಕ್ರ. ಮೊದಲ ಪ್ರಿಯಸ್‌ಗಳಲ್ಲಿ ಸೂರ್ಯನಿಗೆ 30 ಹಲ್ಲು, ಉಂಗುರಕ್ಕೆ 78. ಹಾಗಾಗಿ ಎಂಜಿನ್ನಿನ ತಿರುಚುಬಲದಲ್ಲಿ 108ಕ್ಕೆ 78 ಪಾಲು, ಅಂದರೆ 72 ಪ್ರತಿಶತ ಚಕ್ರದ ಕಡೆಗೆ, ಉಳಿದ 28 ಜನರೇಟರ್ ಕಡೆಗೆ, ಸದಾ ಇದೇ ಪ್ರಮಾಣ. ಕಾರು ನಿಂತಿದ್ದು ಎಂಜಿನ್ 1,000 ಸುತ್ತಿನಲ್ಲಿದ್ದರೆ ಜನರೇಟರ್ 3,600 ಸುತ್ತು ತಿರುಗಿ ಬ್ಯಾಟರಿ ತುಂಬಿಸುತ್ತದೆ. ಎಂಜಿನ್ ಆರಿಸಿ ಮೋಟಾರಿನಲ್ಲೇ ಓಡುವಾಗ ಉಂಗುರ 2,000 ಸುತ್ತಿದ್ದರೆ ಜನರೇಟರ್ 5,200 ಸುತ್ತು ಹಿಮ್ಮುಖವಾಗಿ ತಿರುಗಬೇಕು. ಜನರೇಟರಿನ ವೇಗಕ್ಕೆ ಮಿತಿ ಬರುವುದು ಇಲ್ಲೇ. ಆ ವೇಗದ ಮೇಲೆ ಎಂಜಿನ್ ತಿರುಗಲೇಬೇಕಾಗುತ್ತದೆ. ಜನರೇಟರಿನ ವೇಗವನ್ನು ಹೆಚ್ಚು ಕಡಿಮೆ ಮಾಡಿದರೆ ಸಾಕು, ಎಂಜಿನ್ ಮತ್ತು ಚಕ್ರದ ನಡುವಿನ ಗೇರ್ ಪ್ರಮಾಣ ನಯವಾಗಿ ಬದಲಾಗುತ್ತದೆ, ಕ್ಲಚ್ಚೇ ಬೇಡ. ಹಲ್ಲಿನ ಲೆಕ್ಕ ಅರಿತವರಿಗೆ ಇದೊಂದು ಕಣ್ಣಿಗೆ ಹಬ್ಬ.

ಪೇಟೆಯಲ್ಲಿ ಲಾಭ ಬರುವುದು ಎರಡು ಕಡೆಯಿಂದ: ಬ್ರೇಕ್ ಹಾಕಿದಾಗಲೆಲ್ಲ ಪೋಲಾಗುತ್ತಿದ್ದ ಶಕ್ತಿ ಮರಳಿ ಸಿಗುತ್ತದೆ, ಮತ್ತು ನಿಧಾನಗತಿಯಲ್ಲಿ ದಕ್ಷತೆ ಕುಸಿಯುವ ಎಂಜಿನ್ ಆರಿರುತ್ತದೆ. ಹೆದ್ದಾರಿಯಲ್ಲಿ ಬ್ರೇಕೇ ಇಲ್ಲ, ಎಂಜಿನ್ ಆರುವುದೂ ಇಲ್ಲ. ಮೇಲಾಗಿ ಜನರೇಟರ್ ಕಡೆಗೆ ಹೋದ ಪಾಲು ವಿದ್ಯುತ್ ಆಗಿ, ಮತ್ತೆ ಮೋಟಾರಿನಲ್ಲಿ ಬಲವಾಗಿ ಬದಲಾಗುವಾಗ ಎರಡು ಕಡೆ ಸುಂಕ ಕಟ್ಟುತ್ತದೆ. ಗಾಳಿಯ ತಡೆ ವೇಗದ ವರ್ಗದಲ್ಲಿ ಏರುವುದರಿಂದ 120ರ ಬದಲು 90ರಲ್ಲಿ ಹೋದರೆ ಅದು 44 ಪ್ರತಿಶತ ಇಳಿಯುತ್ತದೆ. ಹೋಂಡಾ ಸಿಟಿ ಹೈಬ್ರಿಡ್‌ನಲ್ಲಿ ಗ್ರಹಗೇರ್ ಇಲ್ಲ. ಪೇಟೆಯಲ್ಲಿ ಎಂಜಿನ್ ಜನರೇಟರನ್ನು ಮಾತ್ರ ತಿರುಗಿಸುತ್ತದೆ, ಹೆದ್ದಾರಿ ವೇಗದಲ್ಲಿ ಒಂದು ಕ್ಲಚ್ ಬಿದ್ದು ಎಂಜಿನ್ ನೇರ ಚಕ್ರಕ್ಕೆ ಸೇರುತ್ತದೆ.

ಹೈಬ್ರಿಡ್ ಇಟ್ಟುಕೊಂಡವರು ಒಂದು ಜಾಗವನ್ನು ತಪ್ಪದೆ ನೋಡಿಕೊಳ್ಳಬೇಕು. ಕ್ಯಾಬಿನ್ನಿನಿಂದ ಬ್ಯಾಟರಿಗೆ ತಂಪು ಗಾಳಿ ಎಳೆಯುವ ಜಾಲರಿ ಸೀಟಿನ ಕೆಳಗೋ ಪಕ್ಕದಲ್ಲೋ ಇರುತ್ತದೆ. ಧೂಳು, ನಾಯಿಯ ಕೂದಲು, ಮೇಲೆ ಇಟ್ಟ ಬ್ಯಾಗು ಅದನ್ನು ಮುಚ್ಚಿದರೆ ಬ್ಯಾಟರಿ ಕಾಯುತ್ತದೆ, ಮೈಲೇಜ್ ಇಳಿಯುತ್ತದೆ. ಪ್ರತಿ ಸರ್ವಿಸ್‌ನಲ್ಲೂ ಅದರ ಫಿಲ್ಟರ್ ತೆಗೆಸಿ ಕಣ್ಣಾರೆ ನೋಡಿ. ಸರ್ವಿಸ್ ಪಟ್ಟಿಯಲ್ಲಿ ಅದು ಎಷ್ಟೋ ಸಲ ಬಿಟ್ಟುಹೋಗುತ್ತದೆ.

ಪ್ರಶ್ನೆ: ಮೇ ತಿಂಗಳಲ್ಲಿ ಮಧ್ಯಾಹ್ನ ಮನೆಗೆ ಬಂದು ಸ್ಕೂಟರನ್ನು ಚಾರ್ಜ್‌ಗೆ ಹಾಕಿದರೆ ತಗೊಳ್ಳುವುದೇ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟು ಹಾಕಿದರೂ ಅಷ್ಟೇ. (ಕಲಬುರಗಿ)

ಉತ್ತರ: ಹೆಚ್ಚಿನ ಲಿಥಿಯಂ ಸೆಲ್‌ಗಳನ್ನು 0ಯಿಂದ 45 ಡಿಗ್ರಿಯ ನಡುವೆ ಮಾತ್ರ ಚಾರ್ಜ್ ಮಾಡಬಹುದು. ಓಡಿಸಲು 60ರವರೆಗೆ ನಡೆಯುತ್ತದೆ. ನಿಮ್ಮಲ್ಲಿ ನೆರಳಿನಲ್ಲೇ 42 ಇದ್ದಾಗ ಓಡಿ ಬಂದ ಪ್ಯಾಕ್ 50ರ ಹತ್ತಿರ ಇರುತ್ತದೆ. ಅದು ಆರುವುದು ಎಷ್ಟು ನಿಧಾನ ಎಂಬುದನ್ನು ಯಾರೂ ಊಹಿಸುವುದಿಲ್ಲ. 20 ಕಿಲೋ ಪ್ಯಾಕ್ 8 ಡಿಗ್ರಿ ಇಳಿಯಲು ಸುಮಾರು 1,60,000 ಜೂಲ್ ಹೊರಹೋಗಬೇಕು. ಫ್ಯಾನಿಲ್ಲದ, ಪ್ಲಾಸ್ಟಿಕ್ ಮುಚ್ಚಿದ ಡಬ್ಬಿಯಿಂದ 20 ವ್ಯಾಟ್ ಹೊರಹೋದರೆ ಎರಡು ಗಂಟೆಗೂ ಹೆಚ್ಚು ಬೇಕು. ಒದ್ದೆ ಬಟ್ಟೆ ಹೊದಿಸುವುದರಿಂದ ಕನೆಕ್ಟರಿಗೆ ತೇವ ಸೇರುತ್ತದೆಯೇ ಹೊರತು ಸೆಲ್‌ಗೆ ತಂಪು ತಲುಪುವುದಿಲ್ಲ. ಬೇಸಿಗೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಟೈಮರ್ ಇಟ್ಟು, ಹೊರಡುವ ಹೊತ್ತಿಗೆ ಮುಗಿಯುವಂತೆ ಚಾರ್ಜ್ ಮಾಡಿ. ತುಂಬಿದ ಬ್ಯಾಟರಿಯನ್ನು ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಬೇಡಿ. ಊರಿಗೆ ಹೋಗುವುದಿದ್ದರೆ 50–60ರಲ್ಲಿ ಬಿಡಿ.

ಚಾರ್ಜರ್ ನಿಮಗೆ ‘ಆಗದು’ ಎನ್ನುತ್ತಿರುವುದು ಒಳ್ಳೆಯದೇ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿಕೊಂಡ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮಗಳನ್ನು ಬಿಗಿ ಮಾಡಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ತರಲಾಯಿತು. ಬಳಸಿದ ಸ್ಕೂಟರ್ ಕೊಳ್ಳುವವರು ತಯಾರಾದ ತಿಂಗಳನ್ನು ನೋಡಿ, ಎರಡನೇ ಹಂತದ ನಂತರದ್ದನ್ನೇ ಆರಿಸಿ.

ಪ್ರಶ್ನೆ: ಮಂಡ್ಯದ ಲಿಥಿಯಂನಿಂದ ನಮ್ಮ ಬ್ಯಾಟರಿ ಅಗ್ಗವಾಗುತ್ತದೆಯೇ? (ಮದ್ದೂರು)

ಉತ್ತರ: ಸದ್ಯಕ್ಕಿಲ್ಲ. ಮರಳಗಾಲ–ಅಲ್ಲಾಪಟ್ಟಣದ ಬಳಿ ಅಂದಾಜಿಸಿರುವುದು 1,600 ಟನ್, ಅದೂ ಪ್ರಾಥಮಿಕ ಹಂತದ ಅಂದಾಜು. ಗಟ್ಟಿ ಕಲ್ಲಿನಲ್ಲಿರುವ ಸ್ಪೋಡುಮಿನ್ ಅದಿರನ್ನು ಸಾವಿರ ಡಿಗ್ರಿಗೂ ಮೇಲೆ ಹುರಿದು, ಸಲ್ಫ್ಯೂರಿಕ್ ಆಮ್ಲದಲ್ಲಿ ಬೇಯಿಸಿ ಲಿಥಿಯಂ ತೆಗೆಯಬೇಕು. ಅಲ್ಲಿಂದ ಮುಂದೆ ಕ್ಯಾಥೋಡ್, ಆಮೇಲೆ ಸೆಲ್, ಎಲ್ಲಕ್ಕೂ ಬೇರೆ ಬೇರೆ ಕಾರ್ಖಾನೆ ಬೇಕು.

ಪ್ರಶ್ನೆ: ಚೀನಾದಿಂದ ಆಯಸ್ಕಾಂತ ಬರದೆ ಮೋಟಾರ್ ತಯಾರಿಕೆಗೆ ತೊಂದರೆಯಾಯಿತು ಎಂದು ಓದಿದೆ. ಆಯಸ್ಕಾಂತವಿಲ್ಲದ ಮೋಟಾರ್ ಮಾಡಲಾಗದೇ? ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. (ಬೆಳಗಾವಿ)

ಉತ್ತರ: ಮಾಡಬಹುದು, ಆದರೆ ಬಿಟ್ಟುಕೊಡಬೇಕಾದ್ದೂ ಇದೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಅಪರೂಪದ ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅದರಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಇದ್ದವು. ನಿಯೋಡಿಮಿಯಂ ಆಯಸ್ಕಾಂತಕ್ಕೆ ಇವನ್ನು ತುಸು ಬೆರೆಸದಿದ್ದರೆ ಘಾಟಿ ಹತ್ತುವಾಗಿನ 150 ಡಿಗ್ರಿಯ ಬಿಸಿಯಲ್ಲಿ, ಮೋಟಾರಿನ ತಿರುಗದ ಭಾಗವಾದ ಸ್ಟೇಟರಿನ ಎದುರು ಕ್ಷೇತ್ರದ ಒತ್ತಡಕ್ಕೆ, ಅದು ತನ್ನ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಸ್ಪೀಕರಿನಲ್ಲಿರುವಂಥ ಫೆರೈಟ್ ಬಳಸಬಹುದು, ಆದರೆ ಅದರ ಕ್ಷೇತ್ರ 0.4 ಟೆಸ್ಲಾ, ನಿಯೋಡಿಮಿಯಂದು 1.2ರ ಮೇಲೆ. ಅದೇ ಬಲಕ್ಕೆ ಮೋಟಾರ್ ದಪ್ಪವಾಗುತ್ತದೆ. ಇಂಡಕ್ಷನ್ ಮೋಟಾರಿಗೆ ಆಯಸ್ಕಾಂತವೇ ಬೇಡ, ನಮ್ಮ ಪಂಪ್‌ಸೆಟ್ಟುಗಳಲ್ಲಿರುವುದೂ ಅದೇ. ಆದರೆ ಅದರಲ್ಲಿ ನಡುವೆ ತಿರುಗುವ ರೋಟರೇ ಬಿಸಿಯಾಗುತ್ತದೆ, ತಿರುಗುವ ವಸ್ತುವನ್ನು ತಂಪು ಮಾಡುವುದು ಕಷ್ಟ. ರಿಲಕ್ಟನ್ಸ್ ಮೋಟಾರಿನ ರೋಟರ್ ಬರೀ ಕಬ್ಬಿಣ, ಅಗ್ಗ. ಸದ್ದು ಮತ್ತು ಅದುರುವಿಕೆಯನ್ನು ಕಂಟ್ರೋಲರಿನ ಲೆಕ್ಕಾಚಾರದಿಂದ ಪಳಗಿಸಬೇಕು. ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ಸೂಚಿಸುವುದು ಇದನ್ನೇ. ಕಬ್ಬಿಣದ ಹಾಳೆ ಕತ್ತರಿಸಿ ರೋಟರ್ ಮಾಡುವುದು ಕಾಲೇಜಿನ ವರ್ಕ್‌ಶಾಪಿಗೂ ನಿಲುಕುತ್ತದೆ, ಕಲಿಯುವುದು ಬೆಟ್ಟದಷ್ಟಿದೆ.

ಪ್ರಶ್ನೆ: ಐಪಿ67 ಇದೆ, ನೀರಿಗೆ ಹೆದರಬೇಡಿ ಎಂದಿದ್ದರು. ಮಳೆಗಾಲದಲ್ಲಿ ಅಂಗಳದಲ್ಲಿ ಮೊಣಕಾಲೆತ್ತರ ನೀರು ನಿಂತು ಸ್ಕೂಟರ್ ಒಂದು ರಾತ್ರಿ ಹಾಗೇ ಇತ್ತು. ಒರೆಸಿ ಚಾರ್ಜ್‌ಗೆ ಹಾಕಬಹುದೇ? (ಉಡುಪಿ)

ಉತ್ತರ: ಹಾಕಬೇಡಿ, ಕೀಲಿಯನ್ನೂ ತಿರುಗಿಸಬೇಡಿ. ಐಪಿ67 ಎಂದರೆ ಹೊಸ ಪ್ಯಾಕನ್ನು ಒಂದು ಮೀಟರ್ ಆಳದ ಶುದ್ಧ ನೀರಿನಲ್ಲಿ 30 ನಿಮಿಷ ಮುಳುಗಿಸಿದರೆ ತಡೆಯುತ್ತದೆ ಎಂದಷ್ಟೇ. ಇಡೀ ರಾತ್ರಿಗಲ್ಲ, ಮೂರು ಮಳೆಗಾಲ ಕಂಡ ರಬ್ಬರ್ ಗ್ಯಾಸ್ಕೆಟ್ಟಿಗಲ್ಲ, ಉಪ್ಪು ಬೆರೆತ ನೀರಿಗೂ ಅಲ್ಲ. ಸ್ಕೂಟರನ್ನು ತಳ್ಳಿಕೊಂಡು ಮನೆಯ ಗೋಡೆಯಿಂದ ದೂರ, ತೆರೆದ ಜಾಗದಲ್ಲಿ ನಿಲ್ಲಿಸಿ. ನೀರು ಒಳಹೋಗಿದ್ದರೆ ತೊಂದರೆ ಅದೇ ದಿನ ಕಾಣಿಸಬೇಕೆಂದಿಲ್ಲ. ಉಪ್ಪುನೀರು ಬಿಎಂಎಸ್ ಬೋರ್ಡಿನ ತಾಮ್ರದ ಗೆರೆಗಳ ನಡುವೆ ನಿಧಾನವಾಗಿ ಸೇತುವೆ ಕಟ್ಟುತ್ತದೆ, ದಿನಗಳ ನಂತರವೂ ಹೊತ್ತಿಕೊಂಡೀತು.

ಸರ್ವಿಸ್ ಸೆಂಟರಿಗೆ ಲೋಡ್ ಮಾಡಿ ಕಳಿಸಿ, ಪ್ಯಾಕ್ ಮತ್ತು ಬಾಡಿಯ ನಡುವಿನ ಇನ್ಸುಲೇಷನ್ ತಡೆಯನ್ನು ಅಳೆಯಲು ಹೇಳಿ. ಕಾರುಗಳಿಗೆ ನಿಯಮದ ಕನಿಷ್ಠ ಮಟ್ಟ ಪ್ರತಿ ವೋಲ್ಟಿಗೆ 100 ಓಮ್, ಅಂದರೆ 350 ವೋಲ್ಟಿಗೆ 35,000 ಓಮ್. ಒಳ್ಳೆಯ ಸ್ಥಿತಿಯ ಪ್ಯಾಕ್‌ಗಳಲ್ಲಿ ಅದು ಲಕ್ಷಗಟ್ಟಲೆ ಓಮ್ ಇರುತ್ತದೆ. ನಿಯಮಕ್ಕೆ ಸಾಕು ಎಂದು ಸುಮ್ಮನಾಗದೆ ಅಂಕಿಯನ್ನೇ ಬರೆಸಿಕೊಳ್ಳಿ. ವಾರ ಬಿಟ್ಟು ಮತ್ತೊಮ್ಮೆ ಅಳೆಸಿ. ಎರಡನೇ ಅಂಕಿ ಮೊದಲನೆಯದಕ್ಕಿಂತ ಕೆಳಗಿದ್ದರೆ ಒಳಗೆ ತೇವವಿದೆ, ಪ್ಯಾಕ್ ಬಿಚ್ಚಿಸಲೇಬೇಕು. ಕರಾವಳಿಯವರು ಪ್ರತಿ ಮಳೆಗಾಲ ಮುಗಿದ ಮೇಲೆ ಚಾರ್ಜಿಂಗ್ ಪೋರ್ಟಿನ ಪಿನ್‌ಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಹಸಿರು ಪುಡಿ ಕಂಡರೆ ತಾಮ್ರಕ್ಕೆ ಉಪ್ಪು ಹಿಡಿದಿದೆ. ಅಂಥ ಪೋರ್ಟನ್ನು ಉಜ್ಜಿ ಉಳಿಸಿಕೊಳ್ಳಬೇಡಿ, ಬದಲಾಯಿಸಿ.